ಅಮೆರಿಕಕ್ಕೆ ಸಂಸಾರ ಕರೆಸಿಕೊಳ್ಳುವ ಮುನ್ನ

ಅಮೆರಿಕದ ಪೌರತ್ವ ಪಡೆದವರು ಊರಿನಲ್ಲಿರುವ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಲು ಮೊದಲು ಸಲ್ಲಿಸಬೇಕಾದದ್ದು ಐ-130 ಅರ್ಜಿ. ಮಕ್ಕಳೂ ಅದರಲ್ಲೇ ಬಂದುಬಿಡುತ್ತಾರೆ ಎಂದುಕೊಳ್ಳುವವರೇ ಹೆಚ್ಚು. ಹಾಗಿಲ್ಲ, ಒಂದೊಂದು ಮಗುವಿಗೂ ಬೇರೆ ಅರ್ಜಿ ಬೇಕು.

ಅದಕ್ಕೂ ಮುಂಚೆ ಮಗು ಹುಟ್ಟಿನಿಂದಲೇ ಅಮೆರಿಕದ ಪ್ರಜೆಯೇ ಎಂದು ನೋಡಿಕೊಳ್ಳುವುದು ಜಾಣತನ. ದಂಪತಿಯಲ್ಲಿ ಒಬ್ಬರಷ್ಟೇ ಪ್ರಜೆಯಾಗಿದ್ದರೆ, ಅವರು ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ, ಅದರಲ್ಲಿ 14 ತುಂಬಿದ ಮೇಲೆ 2 ವರ್ಷವಾದರೂ ಅಲ್ಲಿ ಇದ್ದಿರಬೇಕು. ಇದ್ದಿದ್ದರೆ ವೀಸಾದ ಮಾತೇ ಇಲ್ಲ, ನೇರ ಪಾಸ್‌ಪೋರ್ಟ್. ಇಲ್ಲದಿದ್ದರೂ, 18 ತುಂಬುವುದರೊಳಗೆ ಗ್ರೀನ್ ಕಾರ್ಡ್ ಪಡೆದು ಪ್ರಜೆಯಾದ ತಂದೆ ಅಥವಾ ತಾಯಿಯ ಸುಪರ್ದಿಯಲ್ಲಿ ಅಲ್ಲಿ ನೆಲೆಸಿದ ಮಗುವಿಗೆ 2000ದ ಕಾಯ್ದೆಯಂತೆ ಪೌರತ್ವ ತಾನಾಗಿಯೇ ಬರುತ್ತದೆ. ಮಲಮಕ್ಕಳಿಗೆ ಇದು ಅನ್ವಯಿಸದು.

ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಹೋದ ಸಂಗಾತಿಗೆ ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿಯ ಕೊನೆಯ 90 ದಿನಗಳಲ್ಲಿ ಷರತ್ತು ತೆಗೆಸಲು ಐ-751 ಅರ್ಜಿ ಸಲ್ಲಿಸಬೇಕು.

ಇನ್ನು ದಾಖಲೆಗಳ ವಿಷಯಕ್ಕೆ ಬಂದರೆ, ಕರ್ನಾಟಕದವರು ಎಡವುವುದು ಹೆಸರಿನಲ್ಲಿ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ಅಪ್ಪನ ಹೆಸರು. ವೀಸಾ ಸಂದರ್ಶನಕ್ಕೆ ಕರೆ ಬರುವ ಮೊದಲೇ ಜನನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಕೊಂಡಿರುವುದು ಒಳ್ಳೆಯದು.