ತಪ್ಪು ಕೂಸಿನದಲ್ಲ

ನಮ್ಮ ಹೊಲದ ದಾರಿಯಲ್ಲಿ ಜಾಲಿ ಮುಳ್ಳು ಬಹಳ. ಕಾಲಿಗೆ ಚುಚ್ಚಿ ಒಳಗೇ ಮುರಿಯುತ್ತದೆ. ಮೇಲೆ ಚರ್ಮ ಕೂಡುತ್ತದೆ. ಆದರೆ ಕಾಲು ಊರಿದಾಗೆಲ್ಲ ನೋವು.

ಸಣ್ಣವರಿದ್ದಾಗ ಮೈಮೇಲೆ ನಡೆದ ದೌರ್ಜನ್ಯವೂ ಹಾಗೆಯೇ. ವರುಷ ಉರುಳುತ್ತವೆ. ಮದುವೆ ಆಗುತ್ತದೆ, ಮಕ್ಕಳಾಗುತ್ತವೆ. ಒಳಗಿನ ನೋವು ಉಳಿದೇ ಇರುತ್ತದೆ.

ದೌರ್ಜನ್ಯ ಅಂದರೆ ಏನು?

ದೊಡ್ಡವರು ಮಗುವಿನ ಗುಪ್ತ ಅಂಗ ಮುಟ್ಟುವುದು. ತಮ್ಮದನ್ನು ಮುಟ್ಟಿಸುವುದು. ಹೊಲಸು ಚಿತ್ರ ತೋರಿಸುವುದು. ಇದೆಲ್ಲ ಲೈಂಗಿಕ ದೌರ್ಜನ್ಯ. ಗಂಡುಮಕ್ಕಳಿಗೂ ಇದು ಆಗುತ್ತದೆ. ಮಾಡುವವರು ಹೆಚ್ಚಾಗಿ ಹೊರಗಿನವರಲ್ಲ. ಮನೆಯವರು, ಬಳಗದವರು, ಗುರುತಿನವರು. ಅದಕ್ಕೇ ಬಾಯಿ ಬಿಡಲು ಭಯ.

ದೊಡ್ಡವರಾದ ಮೇಲೆ ಏನಾಗುತ್ತದೆ?

ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಸಣ್ಣ ಸಪ್ಪಳಕ್ಕೂ ಎದೆ ಡವಡವ ಅನ್ನುತ್ತದೆ. ಗಂಡ ಹತ್ತಿರ ಬಂದರೂ ಮೈ ನಡುಗುತ್ತದೆ. "ನಂದೇ ತಪ್ಪು" ಅನಿಸುತ್ತದೆ. ಮನೆಯವರು "ದೆವ್ವ ಬಡದೈತಿ" ಅನ್ನುತ್ತಾರೆ. ಇದು ದೆವ್ವ ಅಲ್ಲ, ಹುಚ್ಚೂ ಅಲ್ಲ. ಹಳೆಯ ನೋವು. ಇದು ವಾಸಿ ಆಗುತ್ತದೆ.

ಪಕ್ಕದ ಜಿಲ್ಲೆಯ ಸೀತವ್ವ

ದೇವರ ಹೆಸರಿನಲ್ಲಿ ಹುಡುಗಿಗೆ ಮುತ್ತು ಕಟ್ಟುವುದೂ ದೌರ್ಜನ್ಯವೇ. 1982ರಲ್ಲೇ ಕರ್ನಾಟಕ ಇದರ ವಿರುದ್ಧ ಕಾಯಿದೆ ಮಾಡಿತು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರಿಗೆ ಸಣ್ಣ ವಯಸ್ಸಿನಲ್ಲೇ ಮುತ್ತು ಕಟ್ಟಿದ್ದರು. 1997ರಲ್ಲಿ ಘಟಪ್ರಭಾದಲ್ಲಿ ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ ಸೇರಿ 'ಮಾಸ್' ಎಂಬ ಸಂಸ್ಥೆ ಕಟ್ಟಿದರು. ಸೀತವ್ವನವರು ಅದರ ಮುಂದಾಳು. ಬೇರೆ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ಅವರು ತಡೆದರು. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ಒಬ್ಬಾಕೆ ಬಾಯಿ ಬಿಟ್ಟಳು, ಇನ್ನೊಬ್ಬಾಕೆ ಕೇಳಿದಳು ಅಂದರೆ ಬಲ ಹುಟ್ಟುತ್ತದೆ.

ನಾವು ಹೇಗೆ ಕೇಳಬೇಕು?

ಕಳೆ ತೆಗೆಯುವಾಗಲೋ, ಸಂಘದ ಸಭೆ ಮುಗಿದ ಮೇಲೋ ಗೆಳತಿ ತನ್ನ ನೋವು ಹೇಳಬಹುದು. ಆಗ ಹೀಗೆ ಅನ್ನಬಾರದು:

"ಆವಾಗ್ಯಾಕ ಹೇಳಲಿಲ್ಲ?"
"ಈಗ್ಯಾಕ ಕೆದಕತಿ? ಮರತುಬಿಡು."
"ಮನಿ ಮಾನ ಹೋಗತೈತಿ."

ಹೀಗೆ ಅನ್ನೋಣ:

"ಯವ್ವಾ, ನೀ ಹೇಳಿದ್ದು ನಾ ನಂಬತೀನಿ. ಆವಾಗ ನೀ ಕೂಸಿದ್ದಿ. ತಪ್ಪು ನಿಂದಲ್ಲ."

ಎಲ್ಲಾ ಬಿಡಿಸಿ ಹೇಳು ಅಂತ ಒತ್ತಾಯ ಬೇಡ. ಅವಳು ಅತ್ತರೆ ಅಳಲಿ. ಪಕ್ಕದಲ್ಲಿ ಕೂತರೂ ಸಾಕು. ಅವಳ ಮಾತನ್ನು ನೀರಿನ ಕಟ್ಟೆಗೆ ಒಯ್ಯಬಾರದು.

ಎಲ್ಲಿ ಸಹಾಯ ಸಿಗುತ್ತದೆ?

14416ಕ್ಕೆ ಫೋನ್ ಮಾಡಿ. ಇದು ಸರಕಾರದ 'ಟೆಲಿ ಮಾನಸ್'. ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಬೇಡ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿ ಮನಸ್ಸಿನ ವೈದ್ಯರು ಇದ್ದಾರೆ. ಮೊದಲ ಸಲ ಜೊತೆಗೆ ನಾವು ಹೋಗೋಣ.

ಕಾಯಿದೆ ಏನು ಹೇಳುತ್ತದೆ?

ಮಕ್ಕಳನ್ನು ಕಾಯುವ ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಆಮೇಲೆ ನಡೆದ ದೌರ್ಜನ್ಯವಾದರೆ, ದೊಡ್ಡವಳಾದ ಮೇಲೂ ದೂರು ಕೊಡಬಹುದು. ಅದಕ್ಕೂ ಹಿಂದಿನದಾದರೆ ಹಳೆಯ ಕಾಯಿದೆ ನಡೆಯುತ್ತದೆ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ. ಹಳೆಯ ನೋವಿಗೆ ದೂರು ಕೊಡು ಅಂತ ಅವಳನ್ನು ಒತ್ತಾಯ ಮಾಡಬಾರದು.

ಆದರೆ ಈಗ ಯಾವುದಾದರೂ ಮಗುವಿಗೆ ಹೀಗೆ ಆಗುತ್ತಿದೆಯೇ? ಸುಮ್ಮನಿರಬಾರದು. 1098ಕ್ಕೆ ಇಲ್ಲವೇ ಪೊಲೀಸರಿಗೆ ತಿಳಿಸಲೇಬೇಕು. ಮಾಡಿದವ ಬಳಗದವನೇ ಇರಲಿ, ಮುಚ್ಚಿಡಬಾರದು.

ಕೂಡಿ ಮಾತಾಡೋಣ

1. ನೋವು ಹೇಳಿಕೊಂಡವಳಿಗೆ ನಾವು ಮೊದಲು ಏನು ಹೇಳಬೇಕು?
2. ನಮ್ಮ ಊರಲ್ಲಿ ಹೆಣ್ಣುಮಕ್ಕಳು ಬಾಯಿ ಬಿಡಲು ಯಾಕೆ ಹೆದರುತ್ತಾರೆ?
3. 14416, 1098. ಈ ಎರಡು ನಂಬರು ಗೋಡೆಯ ಮೇಲೆ ಬರೆಯಿರಿ. ಮಕ್ಕಳಿಗೂ ಓದಿಸಿರಿ.