ಅಶ್ವಕುಲಕ್ಕೆ ಅಂಕಿಗಳ ಒರೆಗಲ್ಲು

ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆಯನ್ನು ಕನ್ನಡಿಗರು ಕನಕದಾಸರ ‘ನಳಚರಿತ್ರೆ’ಯ ಮೂಲಕವೂ ಬಲ್ಲರು. ರೂಪಗೆಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಅರಸ ಋತುಪರ್ಣನಲ್ಲಿ ಸಾರಥಿಯಾಗಿದ್ದ ನಳನು, ದಮಯಂತಿಯ ಮರುಸ್ವಯಂವರದ ಸುದ್ದಿ ಬಂದಾಗ ಅರಸನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ವಿದರ್ಭದತ್ತ ಧಾವಿಸುತ್ತಾನೆ. ದಾರಿಯಲ್ಲಿ ಕಂಡ ತಾರೆಯ ಮರವೊಂದರ ಎಲೆ ಹಾಗೂ ಹಣ್ಣುಗಳ ಸಂಖ್ಯೆಯನ್ನು ಋತುಪರ್ಣ ನೋಟಮಾತ್ರದಿಂದ ಹೇಳಿಬಿಡುತ್ತಾನೆ. ನಳನು ನಂಬದೆ ರಥ ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಕೊನೆಗೆ ಇಬ್ಬರೂ ತಮ್ಮ ವಿದ್ಯೆಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ನಳನಿಗೆ ಸಂಖ್ಯೆಯ ಮರ್ಮವಾದ ಅಕ್ಷಹೃದಯ. ಋತುಪರ್ಣನಿಗೆ ಕುದುರೆಯ ಮರ್ಮವಾದ ಅಶ್ವಹೃದಯ.

ಕುದುರೆಯನ್ನು ಬಲ್ಲವನಿಗೆ ಸಂಖ್ಯೆಯ ಜ್ಞಾನವೂ ಬೇಕೆಂಬ ಈ ಮಾತು ಇಂದಿನ ಥರೋಬ್ರೆಡ್ ಕುದುರೆಗಳ ವಂಶಾಭಿವೃದ್ಧಿಯಲ್ಲಿ ಅಕ್ಷರಶಃ ನಿಜವಾಗಿದೆ. ಯಾವ ಬೀಜದ ಕುದುರೆ ಉತ್ತಮ, ಯಾವ ತಾಯಿಕುದುರೆ ಉತ್ತಮ ಎಂಬುದನ್ನು ಅಂಕಿ-ಅಂಶಗಳಿಂದ ಅಳೆಯುವ ಕ್ರಮವನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ. ಜೂಜಿನ ಕಟ್ಟೆಗೆ ದಾರಿ ತೋರಿಸುವುದು ಇದರ ಉದ್ದೇಶವಲ್ಲ. ಅಂಕಿಗಳು ಎಲ್ಲಿ ಸತ್ಯವನ್ನು ನುಡಿಯುತ್ತವೆ, ಎಲ್ಲಿ ನಮ್ಮನ್ನು ಮರುಳುಗೊಳಿಸುತ್ತವೆ ಎಂಬುದನ್ನು ಅರಿಯಲು ಇದಕ್ಕಿಂತ ಸೊಗಸಾದ ಪಾಠ ದೊರೆಯುವುದು ವಿರಳ.

ವಂಶಾವಳಿಯ ದಫ್ತರ

ಥರೋಬ್ರೆಡ್ ತಳಿ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿ, 17ನೆಯ ಶತಮಾನದ ಕೊನೆ ಹಾಗೂ 18ನೆಯ ಶತಮಾನದ ಆದಿಭಾಗದಲ್ಲಿ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಕುದುರೆಗಳು ಇದರ ಮೂಲಪುರುಷರು. ಇಂದಿನ ಪ್ರತಿಯೊಂದು ಥರೋಬ್ರೆಡ್ ಕುದುರೆಯ ಪಿತೃವಂಶವೂ ಇವುಗಳಲ್ಲೊಂದನ್ನು ತಲುಪುತ್ತದೆ. ಜೇಮ್ಸ್ ವೆದರ್ಬಿ ಎಂಬಾತ 1791ರಲ್ಲಿ ಈ ಕುದುರೆಗಳ ವಂಶಾವಳಿಯನ್ನು ಅಚ್ಚು ಹಾಕಿಸಲಾರಂಭಿಸಿದ. ಅದೇ ‘ಜನರಲ್ ಸ್ಟಡ್ ಬುಕ್’. ಭಾರತದಲ್ಲಿ ಇಂತಹ ದಾಖಲೆಯನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. ಟಿಪ್ಪುವಿನ ಸೈನ್ಯಕ್ಕೆ ಕುದುರೆಗಳನ್ನು ಒದಗಿಸಿದ ನಮ್ಮ ಕುಣಿಗಲ್ಲು 20ನೆಯ ಶತಮಾನದಲ್ಲಿ ಥರೋಬ್ರೆಡ್ ಸಾಕಣೆಗೂ ಹೆಸರಾಯಿತು.

ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಗಂಡು-ಹೆಣ್ಣುಗಳ ಪ್ರತ್ಯಕ್ಷ ಸಮಾಗಮದಿಂದ ಹುಟ್ಟಿದ ಮರಿಗೆ ಮಾತ್ರ ದಾಖಲೆಯಲ್ಲಿ ಸ್ಥಾನ. ತಾಯಿಕುದುರೆ ಸುಮಾರು 11 ತಿಂಗಳು ಗರ್ಭ ಧರಿಸಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಬೀಜದ ಕುದುರೆಗಾದರೋ ಒಂದೇ ಋತುವಿನಲ್ಲಿ ನೂರಕ್ಕೂ ಮಿಕ್ಕಿ ಹೆಣ್ಣುಕುದುರೆಗಳು ಬರುವುದುಂಟು. ತಂದೆಯ ಖಾತೆಯಲ್ಲಿ ನೂರಾರು ಮಕ್ಕಳು, ತಾಯಿಯ ಖಾತೆಯಲ್ಲಿ ಹತ್ತು-ಹನ್ನೆರಡು ಮಾತ್ರ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬಹಳ ಮುಖ್ಯವಾಗುತ್ತದೆ.

ಮೊದಲನೆಯ ಪ್ರಶ್ನೆ: ಎಷ್ಟರಲ್ಲಿ ಎಷ್ಟು?

19ನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯದ ಬ್ರೂಸ್ ಲೋ ಎಂಬಾತ ಒಂದು ಸಾಹಸಕ್ಕೆ ಕೈಹಾಕಿದ. ಇಂಗ್ಲೆಂಡಿನ ಡರ್ಬಿ, ಓಕ್ಸ್, ಸೇಂಟ್ ಲೆಜರ್ ಎಂಬ ಮೂರು ಮಹಾಪಂದ್ಯಗಳನ್ನು ಗೆದ್ದ ಕುದುರೆಗಳ ಮಾತೃವಂಶವನ್ನು, ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹಿಂದಕ್ಕೆ ಹುಡುಕುತ್ತ ಹೋಗಿ, ಯಾವ ಮೂಲಮಾತೆಯ ವಂಶದಲ್ಲಿ ಹೆಚ್ಚು ವಿಜೇತರು ಹುಟ್ಟಿದರೋ ಅದಕ್ಕೆ 1ನೆಯ ಸಂಖ್ಯೆ, ಅನಂತರದ್ದಕ್ಕೆ 2ನೆಯ ಸಂಖ್ಯೆ, ಹೀಗೆ ಕ್ರಮಾಂಕ ಕೊಟ್ಟ. ಆತ ತೀರಿಕೊಂಡ ಮೇಲೆ 1895ರಲ್ಲಿ ಗ್ರಂಥ ಪ್ರಕಟವಾಯಿತು. 1ನೆಯ ವಂಶದ ಹೆಣ್ಣುಕುದುರೆಯೇ ಶ್ರೇಷ್ಠವೆಂದು ನಂಬಿದವರು ಅನೇಕರು.

ಆದರೆ ಇಲ್ಲೊಂದು ಮೂಲಭೂತ ದೋಷವಿತ್ತು. 1ನೆಯ ವಂಶದಲ್ಲಿ ವಿಜೇತರು ಹೆಚ್ಚಾಗಿದ್ದರೆಂಬುದೇನೋ ಸರಿ. ಆದರೆ ಆ ವಂಶದಲ್ಲಿ ಹುಟ್ಟಿದ ಒಟ್ಟು ಕುದುರೆಗಳ ಸಂಖ್ಯೆ ಎಷ್ಟು? ದೊಡ್ಡ ಕುಟುಂಬದಲ್ಲಿ ಪದವೀಧರರು ಹೆಚ್ಚಿದ್ದ ಮಾತ್ರಕ್ಕೆ ಅದು ಹೆಚ್ಚು ಬುದ್ಧಿವಂತ ಕುಟುಂಬವಾಗದು. ಭಾಜಕವಿಲ್ಲದ ಭಾಜ್ಯಕ್ಕೆ ಬೆಲೆಯಿಲ್ಲ. ಲೋ ಕೊಟ್ಟ ಕ್ರಮಾಂಕಗಳು ವಂಶಗಳನ್ನು ಗುರುತಿಸುವ ಹೆಸರುಗಳಾಗಿ ಇಂದಿಗೂ ಉಳಿದಿವೆ; ಗುಣದ ಅಳತೆಗೋಲಾಗಿ ಉಳಿಯಲಿಲ್ಲ.

ಆದುದರಿಂದ ಇಂದು ಬೀಜದ ಕುದುರೆಯ ವಿಷಯದಲ್ಲಿ ಕೇಳುವ ಮೊದಲ ಪ್ರಶ್ನೆ ಇದು: ಹುಟ್ಟಿದ ನೂರು ಮರಿಗಳಲ್ಲಿ ‘ಸ್ಟೇಕ್ಸ್’ ಎಂಬ ಮೇಲ್ದರ್ಜೆಯ ಪಂದ್ಯಗಳನ್ನು ಗೆದ್ದವು ಎಷ್ಟು? ಅಮೆರಿಕದ ಒಟ್ಟು ತಳಿಯಲ್ಲಿ ಈ ಪ್ರಮಾಣ ಶೇಕಡಾ 3ರ ಆಸುಪಾಸು. ಕೆನಡಾದಲ್ಲಿ 1961ರಲ್ಲಿ ಹುಟ್ಟಿದ ನಾರ್ದರ್ನ್ ಡಾನ್ಸರ್ ಗಿಡ್ಡ ಕುದುರೆ. ಎಳೆತನದಲ್ಲಿ ಅದನ್ನು 25,000 ಡಾಲರಿಗೆ ಕೊಳ್ಳುವವರೂ ಇರಲಿಲ್ಲ. 1964ರಲ್ಲಿ ಅದು ಕೆಂಟಕಿ ಡರ್ಬಿಯನ್ನು ಗೆದ್ದಿತು. ಅದಕ್ಕಿಂತ ದೊಡ್ಡ ಗೆಲುವು ಮುಂದೆ ಬಂದದ್ದು. ಅದರ ಮರಿಗಳಲ್ಲಿ ಶೇಕಡಾ 20ಕ್ಕೂ ಹೆಚ್ಚು ಸ್ಟೇಕ್ಸ್ ವಿಜೇತರಾದವು. ಅದರ ಮಗನಾದ ರಜೀನ್ 1990ರ ಇಂಗ್ಲಿಷ್ ಡರ್ಬಿಯಲ್ಲಿ ಬಹುಜನರ ನಿರೀಕ್ಷೆಯನ್ನು ಹೊತ್ತು ಓಡಿ ಸೋತಿತು. ಆದರೆ ಭಾರತಕ್ಕೆ ಬಂದ ಮೇಲೆ ಹಲವು ವರ್ಷ ಇಲ್ಲಿನ ಬೀಜದ ಕುದುರೆಗಳಲ್ಲಿ ಅಗ್ರಸ್ಥಾನದಲ್ಲಿತ್ತು. ಓಡುವ ಶಕ್ತಿ ಬೇರೆ, ಓಡುವ ಮಕ್ಕಳನ್ನು ಕೊಡುವ ಶಕ್ತಿ ಬೇರೆ.

ಎರಡನೆಯ ಪ್ರಶ್ನೆ: ಸರಾಸರಿಯ ಹಿಂದೆ ಏನಿದೆ?

ಪಂದ್ಯದಲ್ಲಿ ದೊರೆಯುವ ಬಹುಮಾನದ ಹಣವೂ ಒಂದು ಅಳತೆ. ಆದರೆ ಹಣದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ 1960ರ ಗಳಿಕೆಯನ್ನು 1980ರ ಗಳಿಕೆಯೊಡನೆ ನೇರವಾಗಿ ಹೋಲಿಸಲಾಗದು. ಅಮೆರಿಕದ ‘ದಿ ಬ್ಲಡ್-ಹಾರ್ಸ್’ ಪತ್ರಿಕೆಯ ಸಂಪಾದಕರಾಗಿದ್ದ ಜೋ ಎಸ್ಟೆಸ್ ಇದಕ್ಕೊಂದು ಸರಳ ಉಪಾಯವನ್ನು ಕಂಡುಹಿಡಿದರು. ಆಯಾ ವರ್ಷ ಓಡಿದ ಎಲ್ಲ ಕುದುರೆಗಳ ಸರಾಸರಿ ಗಳಿಕೆಯನ್ನು 1.00 ಎಂದಿಟ್ಟುಕೊಂಡು, ಒಂದು ಬೀಜದ ಕುದುರೆಯ ಮಕ್ಕಳ ಸರಾಸರಿ ಗಳಿಕೆ ಅದರ ಎಷ್ಟು ಪಟ್ಟು ಎಂದು ನೋಡುವುದು. ಇದು ಸರಾಸರಿ ಗಳಿಕೆಯ ಸೂಚ್ಯಂಕ. ಸೂಚ್ಯಂಕ 2.00 ಎಂದರೆ ಮಕ್ಕಳು ಸಾಮಾನ್ಯಕ್ಕಿಂತ ಎರಡು ಪಟ್ಟು ಗಳಿಸಿದವೆಂದು ಅರ್ಥ.

ಆದರೂ ಸರಾಸರಿ ಎಂಬುದು ಮೋಸಗಾರ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ‘ಕ’ ಮತ್ತು ‘ಖ’ ಎಂಬ ಎರಡು ಬೀಜದ ಕುದುರೆಗಳಿಗೆ ತಲಾ 10 ಮರಿಗಳು. ‘ಕ’ದ ಮರಿಗಳಲ್ಲಿ 5 ಕಾಲುನೋವು ಮೊದಲಾದ ಕಾರಣಗಳಿಂದ ಪಂದ್ಯಕ್ಕೇ ಇಳಿಯಲಿಲ್ಲ, ಓಡಿದ 5ರಲ್ಲಿ ಒಂದು 40 ಲಕ್ಷ ರೂಪಾಯಿ ಗಳಿಸಿತು, ಉಳಿದ 4 ತಲಾ 1 ಲಕ್ಷ. ‘ಖ’ದ ಮರಿಗಳಲ್ಲಿ 9 ಓಡಿ ತಲಾ 4 ಲಕ್ಷ ಗಳಿಸಿದವು. ಓಡಿದ ಕುದುರೆಗಳ ಸರಾಸರಿ ತೆಗೆದರೆ ‘ಕ’ಕ್ಕೆ 8.8 ಲಕ್ಷ, ‘ಖ’ಕ್ಕೆ 4 ಲಕ್ಷ. ಪತ್ರಿಕೆಯ ಪಟ್ಟಿಯಲ್ಲಿ ‘ಕ’ವೇ ಮೇಲೆ. ಆದರೆ ‘ಕ’ದ ಮರಿಯನ್ನು ಕೊಂಡ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಬಂದದ್ದು 1 ಲಕ್ಷ ಅಥವಾ ಸೊನ್ನೆ; ‘ಖ’ದ ಮರಿ ಕೊಂಡವರಲ್ಲಿ ಒಂಬತ್ತು ಮಂದಿಗೆ 4 ಲಕ್ಷ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಸರಾಸರಿಯ ಜೊತೆಗೆ ಸಾಲಿನ ನಡುವೆ ನಿಲ್ಲುವ ಮಧ್ಯಾಂಕವನ್ನೂ ನೋಡಬೇಕು. ಎರಡು, ಓಡಿದ ಕುದುರೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ಓಡಲಾರದೆ ಹೋದ ದುರ್ಬಲ ಮರಿಗಳು ಲೆಕ್ಕಪತ್ರದಿಂದಲೇ ಮಾಯವಾಗುತ್ತವೆ. ವಸೂಲಾಗದ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿ ಲಾಭ ತೋರಿಸಿದಂತೆ ಇದು.

ಮೂರನೆಯ ಪ್ರಶ್ನೆ: ಅವಕಾಶ ಎಂಥದು?

ಹೆಸರಾಂತ ಬೀಜದ ಕುದುರೆಯ ಬಳಿಗೆ ಬರುವ ಹೆಣ್ಣುಕುದುರೆಗಳೂ ಉತ್ತಮವಾದವೇ. ಹಾಗಾದರೆ ಮಕ್ಕಳ ಗೆಲುವಿನಲ್ಲಿ ತಂದೆಯ ಪಾಲೆಷ್ಟು, ತಾಯಂದಿರ ಪಾಲೆಷ್ಟು? ಇದನ್ನು ಬಿಡಿಸಲು ತುಲನಾ ಸೂಚ್ಯಂಕವೆಂಬ ಇನ್ನೊಂದು ಲೆಕ್ಕವಿದೆ. ಅದೇ ಹೆಣ್ಣುಕುದುರೆಗಳು ಬೇರೆ ಗಂಡುಕುದುರೆಗಳಿಂದ ಪಡೆದ ಮರಿಗಳು ಎಷ್ಟು ಗಳಿಸಿದವು ಎಂಬುದನ್ನು ಅದು ಹೇಳುತ್ತದೆ. ‘ಗ’ ಎಂಬ ಕುದುರೆಯ ಸೂಚ್ಯಂಕ 2.00 ಇದ್ದು, ಅದೇ ತಾಯಂದಿರು ಇತರರಿಂದ ಪಡೆದ ಮರಿಗಳದು 2.40 ಆಗಿದ್ದರೆ, ‘ಗ’ ತನಗೆ ದೊರೆತ ಬಂಡವಾಳವನ್ನು ಕರಗಿಸಿದೆ ಎಂದೇ ಅರ್ಥ. ‘ಘ’ದ ಸೂಚ್ಯಂಕ ಬರಿಯ 1.40 ಇದ್ದರೂ, ಅದರ ತಾಯಂದಿರದು 1.00 ಆಗಿದ್ದರೆ, ‘ಘ’ವೇ ಉತ್ತಮ ತಂದೆ.

ವೈದ್ಯಕೀಯದಲ್ಲೂ ಇದೇ ತತ್ತ್ವ. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸಾಯುವವರ ಪ್ರಮಾಣ ಚಿಕ್ಕ ನರ್ಸಿಂಗ್ ಹೋಮಿಗಿಂತ ಹೆಚ್ಚಿರಬಹುದು. ಆದರೆ ಕೈಮೀರಿದ ರೋಗಿಗಳನ್ನೆಲ್ಲ ಕಳುಹಿಸುವುದು ದೊಡ್ಡ ಆಸ್ಪತ್ರೆಗೇ. ಒಳಗೆ ಬಂದವರ ಸ್ಥಿತಿಯನ್ನು ತಿಳಿಯದೆ ಹೊರಗೆ ಹೋದವರ ಸಂಖ್ಯೆಯಿಂದ ತೀರ್ಪು ಕೊಡುವುದು ಅನ್ಯಾಯ.

ತಾಯಿಯ ಖಾತೆಯ ಕಷ್ಟ

ತಾಯಿಕುದುರೆಯ ವಿಷಯದಲ್ಲಿ ಸಂಖ್ಯಾಶಾಸ್ತ್ರವು ವಿನಯದಿಂದ ತಲೆಬಾಗಬೇಕಾಗುತ್ತದೆ. ಒಂದು ಹೆಣ್ಣುಕುದುರೆ 8 ಮರಿಗಳನ್ನು ಹಾಕಿತೆನ್ನೋಣ. ಶೇಕಡಾ 3ರ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ, ಸಾಮಾನ್ಯ ತಾಯಿಯ 8 ಮರಿಗಳಲ್ಲಿ ಒಂದೂ ಸ್ಟೇಕ್ಸ್ ವಿಜೇತ ಇಲ್ಲದಿರುವ ಸಂಭವ 100ಕ್ಕೆ ಸುಮಾರು 78. ಸಾಮಾನ್ಯಕ್ಕಿಂತ ಮೂರು ಪಟ್ಟಿಗೂ ಮಿಗಿಲಾದ, ಅಂದರೆ ಶೇಕಡಾ 10ರ ಸಾಮರ್ಥ್ಯವುಳ್ಳ ತಾಯಿಗೂ 8 ಮರಿಗಳಲ್ಲಿ ಒಂದೂ ವಿಜೇತ ಹುಟ್ಟದಿರುವ ಸಂಭವ 100ಕ್ಕೆ 43! ಹಾಗಾಗಿ ಒಳ್ಳೆಯ ತಾಯಿಯೊಂದನ್ನು ‘ಬಂಜೆಯಷ್ಟೇ ನಿಷ್ಪ್ರಯೋಜಕ’ ಎಂದು ತಳ್ಳಿಬಿಡುವುದೂ, ಅದೃಷ್ಟದಿಂದ ಒಂದು ವಿಜೇತನನ್ನು ಪಡೆದ ಸಾಧಾರಣ ತಾಯಿಗೆ ಲಕ್ಷಗಟ್ಟಲೆ ಸುರಿಯುವುದೂ ಎರಡೂ ಸುಲಭ. ಹರಾಜಿನ ಕ್ಯಾಟಲಾಗಿನಲ್ಲಿ ಗೆದ್ದ ಬಂಧುಗಳ ಹೆಸರು ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ; ಸೋತ ಒಡಹುಟ್ಟುಗಳು ಕಣ್ಣಿಗೆ ಬೀಳುವುದಿಲ್ಲ.

ಹೆಣ್ಣಿನ ಮೂಲಕ ಹರಿಯುವ ಗುಣವು ತಡವಾಗಿ ಬೆಳಕಿಗೆ ಬರುವುದೂ ಉಂಟು. ಅಮೆರಿಕದ ಸೆಕ್ರೆಟೇರಿಯಟ್ 1973ರಲ್ಲಿ ಬೆಲ್ಮಾಂಟ್ ಪಂದ್ಯವನ್ನು 31 ಕುದುರೆಗಳುದ್ದದ ಅಂತರದಿಂದ ಗೆದ್ದ ಅಸಾಮಾನ್ಯ ಕುದುರೆ. ತಂದೆಯಾಗಿ ಅದು ನಿರೀಕ್ಷೆಯ ಮಟ್ಟವನ್ನು ಮುಟ್ಟಲಿಲ್ಲವೆಂದು ಹಲವರು ತೀರ್ಪಿತ್ತರು. ಆದರೆ ಅದರ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಎ.ಪಿ. ಇಂಡಿ, ಸ್ಟಾರ್ಮ್ ಕ್ಯಾಟ್, ಗಾನ್ ವೆಸ್ಟ್ ಎಂಬ ಮೂರು ಪ್ರಸಿದ್ಧ ಬೀಜದ ಕುದುರೆಗಳು ಹುಟ್ಟಿದವು. 1992ರಲ್ಲಿ ಅಮೆರಿಕದ ತಾಯಿಕುದುರೆಗಳ ತಂದೆಯರ ಪಟ್ಟಿಯಲ್ಲಿ ಸೆಕ್ರೆಟೇರಿಯಟ್‌ನದೇ ಮೊದಲ ಹೆಸರು. ಅದು ಸತ್ತು ಆಗಲೇ ಮೂರು ವರ್ಷವಾಗಿತ್ತು.

ರಕ್ತಕ್ಕೂ ಮಿತಿಯುಂಟು

ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದಂತೆ, ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವಾಗಿದ್ದರೂ ಅವರಷ್ಟು ಎತ್ತರವಿರದೆ ಸಾಮಾನ್ಯದತ್ತ ಸರಿಯುತ್ತಾರೆ. ಮಹಾವಿಜೇತ ಕುದುರೆಗಳ ಮಕ್ಕಳ ಗತಿಯೂ ಅದೇ. ಎಡಿನ್‌ಬರೊ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕುದುರೆಗಳ ಜೀವಮಾನದ ಗಳಿಕೆಯಲ್ಲಿರುವ ವ್ಯತ್ಯಾಸದ ಹತ್ತನೆಯ ಒಂದು ಭಾಗ ಮಾತ್ರ ವಂಶಗುಣದಿಂದ ಬಂದದ್ದು. ಉಳಿದದ್ದು ಮೇವು, ಆರೈಕೆ, ತರಬೇತಿ, ಸವಾರ, ಅದೃಷ್ಟ ಇವುಗಳಿಗೆ ಸೇರಿದ್ದು. ದುಬಾರಿ ಸ್ಟಡ್ ಫೀ ಉತ್ತಮ ವಂಶಗುಣಕ್ಕೆ ನಂಬಲರ್ಹವಾದ ಗುರುತಲ್ಲವೆಂದೂ ಅವರು ಕಂಡರು. 2006ರಲ್ಲಿ 1 ಕೋಟಿ 60 ಲಕ್ಷ ಡಾಲರಿಗೆ ಮಾರಾಟವಾದ ‘ದಿ ಗ್ರೀನ್ ಮಂಕಿ’ ಮೂರು ಬಾರಿ ಓಡಿ ಒಂದನ್ನೂ ಗೆಲ್ಲದೆ 10,440 ಡಾಲರು ಗಳಿಸಿ ನಿವೃತ್ತವಾಯಿತು.

ಅಂಕಿಗಳ ಹಿಂದಿನ ಜೀವ

ಇಲ್ಲಿ ಪಣಕ್ಕಿರುವುದು ಧನಿಕರ ಹಣ ಮಾತ್ರವಲ್ಲ. ಪಟ್ಟಿಯ ತುದಿಯಲ್ಲಿರುವ ಕೆಲವೇ ಬೀಜದ ಕುದುರೆಗಳ ಬಳಿಗೆ ಎಲ್ಲರೂ ಧಾವಿಸಿದರೆ ಇಡೀ ತಳಿಯೇ ಸಗೋತ್ರವಾಗುತ್ತದೆ. 1961ರಿಂದ 2006ರವರೆಗೆ ಹುಟ್ಟಿದ 467 ಥರೋಬ್ರೆಡ್ ಕುದುರೆಗಳ ವಂಶವಾಹಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಒಳಸಂತಾನದ ಪ್ರಮಾಣ ಏರಿರುವುದೂ, ಆ ಏರಿಕೆಯ ಬಹುಭಾಗ 1996ರ ಅನಂತರದ್ದೆಂಬುದೂ ಕಂಡುಬಂದಿತು. ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ಬೀಜದ ಕುದುರೆಯೊಂದಕ್ಕೆ ವರ್ಷಕ್ಕೆ 140 ಹೆಣ್ಣುಕುದುರೆಗಳ ಮಿತಿಯನ್ನು ವಿಧಿಸಿ, ವಿರೋಧ ಎದ್ದುದರಿಂದ 2022ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಓಡಲಾರದ ಮರಿಗಳನ್ನು ಲೆಕ್ಕದಿಂದ ಬಿಟ್ಟು ತಂದೆಯನ್ನು ಹೊಗಳುವ ಪದ್ಧತಿಯಿಂದ, ಬಲವಿಲ್ಲದ ಕಾಲುಗಳೂ ತಲೆಮಾರಿನಿಂದ ತಲೆಮಾರಿಗೆ ಇಳಿದುಬರಬಹುದು. ಅದರ ನೋವನ್ನು ಉಣ್ಣುವುದು ಮೂಕಪ್ರಾಣಿ.

ಎಷ್ಟರಲ್ಲಿ ಎಷ್ಟು, ಸರಾಸರಿಯ ಹಿಂದೆ ಏನು, ಅವಕಾಶ ಎಂಥದು? ಈ ಮೂರು ಪ್ರಶ್ನೆಗಳು ಮಹಾಲಕ್ಷ್ಮಿಯ ರೇಸ್‌ಕೋರ್ಸಿನಾಚೆಗೂ ಉಪಯುಕ್ತವಾದವು. ‘ಹತ್ತು ಸಾವಿರ ಮಂದಿ ಗುಣಮುಖರಾಗಿದ್ದಾರೆ’ ಎಂಬ ಔಷಧದ ಜಾಹೀರಾತನ್ನು ಕಂಡಾಗ, ಶಾಲೆಯೊಂದು ತನ್ನ ಫಲಿತಾಂಶವನ್ನು ಸಾರಿಕೊಂಡಾಗ, ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿದ್ದವರು ಸುಲಭವಾಗಿ ಮೋಸಹೋಗುವುದಿಲ್ಲ. ನಳನು ಋತುಪರ್ಣನ ಮಾತನ್ನು ಕುರುಡಾಗಿ ನಂಬಲಿಲ್ಲ. ರಥದಿಂದಿಳಿದು ಎಣಿಸಿ ನೋಡಿದ ಅನಂತರವೇ ಒಪ್ಪಿದ. ಸಂಖ್ಯಾಶಾಸ್ತ್ರದ ಮೊದಲ ಪಾಠ ಅದೇ.