ವ್ಯವಸ್ಥಾಪಕರು ದೂರಗಾಮಿ ನಿರ್ಧಾರ ಕೈಗೊಳ್ಳುವ ಬಗೆ

ಸಂಘದ ವ್ಯವಸ್ಥಾಪಕರು ದಿನವೂ ಹತ್ತಾರು ತೀರ್ಮಾನ ಮಾಡುತ್ತಾರೆ. ಎಷ್ಟು ಚೀಲ ಗೊಬ್ಬರ ತರಿಸಬೇಕು, ಯಾವ ದಿನ ಲಾರಿ ಕಳುಹಿಸಬೇಕು ಎಂಬಂತಹವು ಇವು. ತಪ್ಪಿದರೆ ಮುಂದಿನ ವಾರ ತಿದ್ದಿಕೊಳ್ಳಬಹುದು. ಆದರೆ ಕಾರ್ಖಾನೆ ಕಟ್ಟುವುದು, ಹೊಸ ಬೆಳೆಯ ವ್ಯಾಪಾರಕ್ಕೆ ಇಳಿಯುವುದು ಹಾಗಲ್ಲ. ಅವಕ್ಕೆ ದೊಡ್ಡ ಬಂಡವಾಳ ಬೇಕು. ಫಲ ತಿಳಿಯಲು ವರ್ಷಗಳು ಹಿಡಿಯುತ್ತವೆ. ಹಿಂದೆ ಸರಿಯುವುದು ಕಷ್ಟ. ಇಂತಹವೇ ದೂರಗಾಮಿ ನಿರ್ಧಾರಗಳು. ಇವುಗಳಲ್ಲಿ ತೊಡಗುವುದು ಸದಸ್ಯರ ಪಾಲು ಹಣವಾದ್ದರಿಂದ ಈ ವಿಷಯವನ್ನು ನಾವೆಲ್ಲರೂ ಅರಿತಿರಬೇಕು.

ಸಂಸ್ಥೆಗಳಲ್ಲಿ ನಿರ್ಧಾರಗಳು ಹೇಗಾಗುತ್ತವೆ ಎಂಬುದನ್ನು ಅಭ್ಯಸಿಸಿ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ಹರ್ಬರ್ಟ್ ಸೈಮನ್ ಮೂರು ಹಂತಗಳನ್ನು ಹೇಳಿದ್ದಾರೆ. ನಮ್ಮವರೇ ಕಂಡ ಕೊಕ್ಕೋ ಪ್ರಕರಣದಿಂದ ಅವುಗಳನ್ನು ತಿಳಿಯೋಣ.

1. ಸಮಸ್ಯೆಯನ್ನು ಗುರುತಿಸುವುದು: 1970ರ ದಶಕದಲ್ಲಿ ಅಡಿಕೆ ತೋಟಗಳಲ್ಲಿ ಅನೇಕರು ಮಿಶ್ರ ಬೆಳೆಯಾಗಿ ಕೊಕ್ಕೋ ಹಾಕಿದರು. ವಿಶ್ವ ಮಾರುಕಟ್ಟೆಯಲ್ಲಿ 1977ರಲ್ಲಿ ಶಿಖರ ಮುಟ್ಟಿದ ಧಾರಣೆ ಆಮೇಲೆ ಇಳಿಯಿತು. 1980ರ ಸುಮಾರಿಗೆ ಕೊಳ್ಳುವವರು ಹಿಂದೆ ಸರಿದರು. ಅಡಿಕೆಯನ್ನಾದರೆ ಒಣಗಿಸಿ, ಧಾರಣೆ ಬರುವವರೆಗೆ ಅಟ್ಟದಲ್ಲಿಡಬಹುದು. ಕೊಕ್ಕೋದ ಹಸಿಬೀಜ ಕಾಯುವುದಿಲ್ಲ. ಅದನ್ನು ಕೂಡಲೇ ಹುದುಗಿಸಿ ಒಣಗಿಸಬೇಕು. ಆದ್ದರಿಂದ ಸಮಸ್ಯೆ ‘ಧಾರಣೆ ಕಡಿಮೆ’ ಎಂಬುದಷ್ಟೇ ಅಲ್ಲ, ‘ಕೊಳ್ಳುವವರಿಲ್ಲ’ ಎಂಬುದಾಗಿತ್ತು.

2. ದಾರಿಗಳನ್ನು ಹುಡುಕುವುದು: ಅಡಿಕೆಯ ಧಾರಣೆ ಕುಸಿದ ಸಂದರ್ಭದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಅಧ್ಯಕ್ಷತೆಯಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಗಿತ್ತು. ಅದರ ಮುಂದಿದ್ದ ದಾರಿಗಳನ್ನು ಹೀಗೆ ವಿಂಗಡಿಸಬಹುದು: ಅಡಿಕೆಗಷ್ಟೇ ಸೀಮಿತವಾಗಿ ಸುಮ್ಮನಿರುವುದು, ಬೀಜ ಕೊಂಡು, ಒಣಗಿಸಿ ಮಾರುವುದು, ತಾನೇ ಚಾಕಲೇಟು ತಯಾರಿಸುವುದು. ಮೊದಲನೆಯದರಿಂದ ಸಂಸ್ಥೆಗೆ ಅಪಾಯವಿಲ್ಲ, ಸದಸ್ಯನಿಗೆ ನಷ್ಟ. ಎರಡನೆಯದರಲ್ಲಿ ಮತ್ತೆ ಪರರ ಬೇಡಿಕೆಯನ್ನೇ ನಂಬಬೇಕು. ಮೂರನೆಯದರಲ್ಲಿ ಬಂಡವಾಳ ಹೆಚ್ಚು, ಹೆಸರಾಂತ ಕಂಪೆನಿಗಳೊಡನೆ ಪೈಪೋಟಿ. ಚಾಕಲೇಟಿನ ಯಂತ್ರ ಅಡಿಕೆಗೆ ಬಾರದು.

3. ಆಯ್ಕೆ: ಕ್ಯಾಂಪ್ಕೋ ಮೊದಲು ಖರೀದಿಗೆ ಇಳಿಯಿತು, ಪುತ್ತೂರಿನ ಚಾಕಲೇಟು ಕಾರ್ಖಾನೆ ಆರಂಭವಾದದ್ದು 1986ರಲ್ಲಿ. ತುರ್ತಿನ ಕೆಲಸ ಮೊದಲು, ಹಿಂದೆಗೆಯಲಾಗದ ಹೆಜ್ಜೆ ಆಮೇಲೆ ಎಂಬ ಈ ಕ್ರಮವನ್ನು ಗಮನಿಸಬೇಕು.

ಎಲ್ಲ ಮಾಹಿತಿಯೂ ಕೈಗೆ ಬಂದು, ಎಲ್ಲಕ್ಕಿಂತ ಉತ್ತಮವಾದ ದಾರಿ ಕಾಣುವವರೆಗೆ ಯಾವ ವ್ಯವಸ್ಥಾಪಕರೂ ಕಾಯಲಾರರು ಎನ್ನುವುದು ಸೈಮನ್ನರ ಮುಖ್ಯ ಮಾತು. ಇಷ್ಟಾದರೆ ಸಾಕು ಎಂಬ ಅಳತೆ ಇಟ್ಟುಕೊಂಡು, ಅದಕ್ಕೆ ಹೊಂದುವ ದಾರಿಯನ್ನು ಅವರು ಹಿಡಿಯುತ್ತಾರೆ. ಹಾಗಾದರೆ ಆ ಅಳತೆಯನ್ನು ಯಾರು ಇಡಬೇಕು? ಖಾಸಗಿ ಕಂಪೆನಿಯಲ್ಲಿ ಲಾಭವೇ ಅಳತೆಯಾಗಬಹುದು. ಸಹಕಾರ ಸಂಘದಲ್ಲಿ ಸದಸ್ಯನ ಬೆಳೆಗೆ ನಂಬಿಕೆಯ ಮಾರುಕಟ್ಟೆಯೂ ಅಷ್ಟೇ ಮುಖ್ಯ. ಅದನ್ನು ಹೇಳಬೇಕಾದವರು ಸದಸ್ಯರೇ.

ಆದ್ದರಿಂದ ಮಹಾಸಭೆಯಲ್ಲಿ ಹೊಸ ಯೋಜನೆ ಮಂಡನೆಯಾದಾಗ ಕೈಯೆತ್ತುವ ಮುನ್ನ ಈ ಪ್ರಶ್ನೆಗಳನ್ನು ಕೇಳಿರಿ:

ಅ) ಇದು ಯಾವ ಸಮಸ್ಯೆಗೆ ಪರಿಹಾರ?
ಆ) ಬೇರೆ ಯಾವ ದಾರಿಗಳನ್ನು ಪರಿಶೀಲಿಸಿದಿರಿ? ಅವನ್ನು ಕೈಬಿಟ್ಟದ್ದೇಕೆ?
ಇ) ಸಣ್ಣದಾಗಿ ಆರಂಭಿಸಿ ನೋಡಲು ಸಾಧ್ಯವೇ?
ಈ) ಧಾರಣೆ ಅರ್ಧಕ್ಕಿಳಿದರೆ ಸಾಲದ ಕಂತು ಕಟ್ಟುವುದು ಹೇಗೆ?

ಇವಕ್ಕೆ ಬರೆದ ಉತ್ತರವಿರುವ ವ್ಯವಸ್ಥಾಪಕರು ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಉತ್ತರವಿಲ್ಲದಿದ್ದರೆ ನಿರ್ಧಾರವನ್ನು ಮುಂದಿನ ಸಭೆಗೆ ಇಡುವುದೇ ಲೇಸು.